ಚೆಕ್‌ರೈಡ್ ಫೇಲಾಗಿದ್ದನ್ನು ಏರ್‌ಲೈನ್‌ಗೆ ಹೇಳಲೇಬೇಕಾ?

ಪ್ರಶ್ನೆ: ನಮ್ಮೂರು ದಾವಣಗೆರೆ. ಗ್ರೀನ್ ಕಾರ್ಡ್ ಇದೆ, ಈಗ ಅಮೆರಿಕದ ಅರಿಜೋನಾದಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. 1,500 ಗಂಟೆ ಹಾರಾಟ ಮುಗಿಯುತ್ತಾ ಬಂತು. ರೀಜನಲ್ ಏರ್‌ಲೈನ್‌ಗಳಿಗೆ ಅರ್ಜಿ ಹಾಕಬೇಕು. ಇನ್‌ಸ್ಟ್ರುಮೆಂಟ್ ಚೆಕ್‌ರೈಡ್ (ಹೊರಗೆ ನೋಡದೆ ಮೀಟರ್‌ಗಳನ್ನೇ ನಂಬಿ ಹಾರಿಸುವ ಲೈಸೆನ್ಸ್ ಪರೀಕ್ಷೆ) ಒಮ್ಮೆ ಫೇಲಾಗಿದ್ದೇನೆ, ಸ್ಕೂಲಿನ ಸ್ಟೇಜ್ ಚೆಕ್ ಎರಡು ಸಲ. ಕಾರು ವೇಗವಾಗಿ ಓಡಿಸಿದ್ದಕ್ಕೆ ದಂಡದ ಒಂದು ಸ್ಪೀಡಿಂಗ್ ಟಿಕೆಟ್ ಇದೆ. ಮೊದಲು ಕೆಲಸಕ್ಕಿದ್ದ ಸ್ಕೂಲನ್ನು ಜಗಳವಾಗಿ ಮೂರೇ ತಿಂಗಳಿಗೆ ಬಿಟ್ಟೆ. ‘ಎಲ್ಲಾ ಹೇಳಿದ್ರೆ ಕೆಲಸ ಸಿಗಲ್ಲ, ಸುಮ್ನಿರು’ ಅಂತಾರೆ ಸ್ನೇಹಿತರು. ಏನು ಮಾಡಲಿ?

ಉತ್ತರ: ಸ್ನೇಹಿತರ ಮಾತು ಕೇಳಬೇಡಿ. ಚೆಕ್‌ರೈಡ್ ಫೇಲಾಗಿದ್ದು ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ದಾಖಲೆಯಲ್ಲಿ ಇದ್ದೇ ಇರುತ್ತದೆ. ನಿಮ್ಮನ್ನು ಪೈಲಟ್ ಆಗಿ ಹಾರಲು ಬಿಡುವ ಮೊದಲು ಏರ್‌ಲೈನ್‌ನವರು ಪೈಲಟ್ ರೆಕಾರ್ಡ್ಸ್ ಡೇಟಾಬೇಸ್ ನೋಡಲೇಬೇಕು, ಅದು ಕಾನೂನು.

ಆ ಕಾನೂನು ಸುಮ್ನೆ ಬಂದದ್ದಲ್ಲ. 2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಒಂದು ಮನೆಯ ಮೇಲೆ ಬಿದ್ದು 50 ಜನ ಸತ್ತರು. ಕ್ಯಾಪ್ಟನ್ ಕೆಲಸಕ್ಕೆ ಸೇರುವಾಗ, ತಾವು ಫೇಲಾಗಿದ್ದ ಚೆಕ್‌ರೈಡ್‌ಗಳಲ್ಲಿ ಒಂದನ್ನು ಮಾತ್ರ ಹೇಳಿದ್ದರು. ಮೃತರ ಮನೆಯವರು ಪಟ್ಟುಹಿಡಿದು ಓಡಾಡಿದ ಮೇಲೆ, 2010ರಲ್ಲಿ ಇಂಥ ಡೇಟಾಬೇಸ್ ಬೇಕೆಂಬ ಕಾನೂನಾಯಿತು. ಅದು ಪೂರ್ತಿ ಜಾರಿಗೆ ಬರುವ ಮೊದಲೇ, 2019ರಲ್ಲಿ, ಅಟ್ಲಾಸ್ ಏರ್‌ನ ಸರಕು ವಿಮಾನ ಟೆಕ್ಸಾಸ್‌ನಲ್ಲಿ ಬಿದ್ದು ಮೂವರು ಸತ್ತರು. ಅದರ ಫಸ್ಟ್ ಆಫೀಸರ್ (ಸಹ ಪೈಲಟ್) ಕೂಡ ಹಿಂದಿನ ತರಬೇತಿಯ ವೈಫಲ್ಯಗಳನ್ನು ಮುಚ್ಚಿಟ್ಟಿದ್ದರು. ನೇಮಕದವರು ಈ ವಿಷಯದಲ್ಲಿ ಅಷ್ಟು ಬಿಗಿಯಾಗಿರುವುದು ಇದಕ್ಕೇ.

ಹಾಗಾಗಿ ಮೊದಲು ಡೇಟಾಬೇಸ್‌ಗೆ ಲಾಗಿನ್ ಆಗಿ ನಿಮ್ಮ ದಾಖಲೆ ನೀವೇ ನೋಡಿ. ಪೈಲಟ್‌ಗೆ ಆ ಹಕ್ಕಿದೆ. ತಾರೀಖುಗಳನ್ನು ಅಲ್ಲಿಂದಲೇ ಬರೆದುಕೊಳ್ಳಿ, ನೆನಪಿನಿಂದ ಬೇಡ.

ಆಮೇಲೆ ಅರ್ಜಿಯ ಒಂದೊಂದು ಪ್ರಶ್ನೆಯನ್ನೂ ನಿಧಾನವಾಗಿ ಓದಿ. ‘ಎಫ್‌ಎಎ ಚೆಕ್‌ರೈಡ್ ಫೇಲಾಗಿದ್ದೀರಾ’ ಅಂತ ಮಾತ್ರ ಕೇಳಿದ್ದರೆ ಸ್ಟೇಜ್ ಚೆಕ್ ಅದರಲ್ಲಿ ಬರುವುದಿಲ್ಲ. ಸ್ಟೇಜ್ ಚೆಕ್ ಸ್ಕೂಲಿನ ಒಳಗಿನ ಪರೀಕ್ಷೆ. ‘ಯಾವುದೇ ತರಬೇತಿ ಹಂತದಲ್ಲಿ’ ಅಂತಿದ್ದರೆ ಎರಡನ್ನೂ ಬರೆಯಿರಿ. ಕೇಳದ್ದನ್ನು ಬರೆಯದಿದ್ದರೆ ಅದು ಸುಳ್ಳಲ್ಲ. ಆದರೆ ಪದಗಳ ಸಂದಿಯಲ್ಲಿ ನುಸುಳಲು ನೋಡಬೇಡಿ, ಅನುಮಾನವಿದ್ದರೆ ಹೇಳಿಬಿಡಿ. ಟಿಕೆಟ್‌ಗೂ ಇದೇ ಮಾತು. ಎಷ್ಟು ವರ್ಷದ್ದು ಕೇಳಿದ್ದಾರೆ ನೋಡಿ, ಅಷ್ಟು ಹೇಳಿ. ಕುಡಿದು ಓಡಿಸಿದ ಕೇಸ್ ಆಗಿದ್ದರೆ ಕಥೆ ಬೇರೆ, ಅದನ್ನು 60 ದಿನದೊಳಗೆ ಎಫ್‌ಎಎಗೇ ತಿಳಿಸಬೇಕು.

ಇಂಟರ್‌ವ್ಯೂನಲ್ಲಿ ಹೇಳುವ ರೀತಿಯೇ ಮುಖ್ಯ. ‘ಎಕ್ಸಾಮಿನರ್ ತುಂಬಾ ಸ್ಟ್ರಿಕ್ಟ್’ ಅಂದಿರೋ, ಅಲ್ಲಿಗೆ ಮುಗಿಯಿತು. ಉದಾಹರಣೆಗೆ, ‘ಲೋಕಲೈಜರ್ ಅಪ್ರೋಚ್‌ನಲ್ಲಿ (ರೇಡಿಯೋ ಸಂಕೇತ ಹಿಡಿದು ರನ್‌ವೇ ಕಡೆ ಇಳಿಯುವಾಗ) ರನ್‌ವೇ ಕಾಣುವ ಮೊದಲೇ ಎಂಡಿಎಗಿಂತ (ರನ್‌ವೇ ಕಾಣದೆ ದಾಟಿ ಇಳಿಯಬಾರದ ಕನಿಷ್ಠ ಎತ್ತರ) ಕೆಳಗಿಳಿದೆ. ರೇಡಿಯೋ ಬದಲಿಸುತ್ತಾ ಎತ್ತರ ತೋರಿಸುವ ಆಲ್ಟಿಮೀಟರ್ ನೋಡುವುದನ್ನು ಮರೆತೆ. ಈಗ ಎಂಡಿಎಗೆ 100 ಅಡಿ ಇರುವಾಗಲೇ ಎತ್ತರವನ್ನು ಜೋರಾಗಿ ಹೇಳುತ್ತೇನೆ, ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸುತ್ತೇನೆ.’ ನಿಮ್ಮದು ಬೇರೆ ತಪ್ಪಿರಬಹುದು, ಹೇಳುವ ಧಾಟಿ ಹೀಗಿರಲಿ. ಏನಾಯಿತು, ಯಾಕಾಯಿತು, ಈಗ ಏನು ಮಾಡುತ್ತೀರಿ, ಅಷ್ಟು ಸಾಕು. ಒಂದು ಫೇಲ್‌ನಿಂದ ಯಾರ ಬಾಗಿಲೂ ಮುಚ್ಚುವುದಿಲ್ಲ, ಧೈರ್ಯವಾಗಿರಿ.

ಆ ಮೂರು ತಿಂಗಳ ಕೆಲಸವನ್ನೂ ಬಿಡಬೇಡಿ. ಸಾಮಾನ್ಯವಾಗಿ 10 ವರ್ಷದ ಕೆಲಸದ ವಿವರ ಕೇಳುತ್ತಾರೆ, ನಡುವೆ ಖಾಲಿ ಜಾಗ ಕಂಡರೆ ಪ್ರಶ್ನೆ ಬರುತ್ತದೆ. ಹಳೆ ಬಾಸ್ ಬಗ್ಗೆ ಕೆಟ್ಟದಾಗಿ ಮಾತಾಡಬೇಡಿ. ‘ಹೊಂದಾಣಿಕೆ ಆಗಲಿಲ್ಲ, ನಾನೇ ಬಿಟ್ಟೆ’ ಅನ್ನಿ, ಅದು ನಿಜ ಅಲ್ವಾ?

ಇನ್ನೊಂದು: ಫೇಲಾಗಿದ್ದೀರಾ ಅನ್ನುವ ಪ್ರಶ್ನೆಗೆ ಈಗಾಗಲೇ ಯಾವ ಏರ್‌ಲೈನ್‌ಗಾದರೂ ‘ಇಲ್ಲ’ ಅಂತ ಟಿಕ್ ಮಾಡಿ ಕಳಿಸಿದ್ದರೆ, ಅವರು ಕರೆಯುವ ಮೊದಲೇ ಅದನ್ನು ತಿದ್ದಿ ಕಳಿಸಿ.