ರೈನ್ ನದಿಯ ಆಚೆ ದಡಕ್ಕೊಂದು ಶನಿವಾರ

ಪ್ರಶ್ನೆ: ಜರ್ಮನಿಯ ಫ್ರೈಬರ್ಗ್‌ನಲ್ಲಿ ಜರ್ಮನ್ ಕಲಿಯುತ್ತಿರುವ ನನ್ನ ಮಗಳು ವಾರಾಂತ್ಯಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗಿಬರುವುದಾಗಿ ಹೇಳುತ್ತಾಳೆ. ಬೇರೆ ವೀಸಾ ಬೇಕೆ? ಕಲಿಕೆಗೆ ಅಡ್ಡಿಯಾಗದೆ?
– ಒಬ್ಬ ತಾಯಿ, ಧಾರವಾಡ

ಉತ್ತರ: ಬೇರೆ ವೀಸಾ ಬೇಡ. ಜರ್ಮನಿಯ ದೀರ್ಘಾವಧಿ ವೀಸಾ ಅಥವಾ ವಾಸದ ಪರವಾನಗಿ ಉಳ್ಳವರು ಇತರ ಷೆಂಗನ್ ದೇಶಗಳಲ್ಲಿ (ಫ್ರಾನ್ಸ್ ಸೇರಿದಂತೆ, ಪ್ರವಾಸಿಗಳಿಗೆ ಸಮಾನ ವೀಸಾ ವ್ಯವಸ್ಥೆಯಿರುವ ಯುರೋಪಿನ ದೇಶಗಳಲ್ಲಿ) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಸಂಚರಿಸಬಹುದು. ಗಡಿಯಲ್ಲಿ ತಪಾಸಣೆ ನಡೆಯುವುದುಂಟಾದ್ದರಿಂದ ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಮೊಬೈಲಿನಲ್ಲಿರುವ ಅದರ ಚಿತ್ರ ಸಾಲದು. ರೈಲಿನಲ್ಲಿ ಗಡಿಯೂರಾದ ಕೇಲ್‌ವರೆಗೆ ಹೋದರೆ, ಅಲ್ಲಿಂದ 2017ರಲ್ಲಿ ಆರಂಭವಾದ ಟ್ರಾಮ್ ರೈನ್ ನದಿಯನ್ನು ದಾಟಿಸಿ ಸ್ಟ್ರಾಸ್‌ಬರ್ಗ್‌ನ ನಡುಮಧ್ಯಕ್ಕೆ ತಲುಪಿಸುತ್ತದೆ.

ಕಲಿಕೆಯ ವಿಷಯದಲ್ಲಿ ನಿಮ್ಮ ಆತಂಕ ಅನಗತ್ಯವೆಂದೇ ನನ್ನ ಅಭಿಪ್ರಾಯ. 1871ರಿಂದ ಎರಡನೆಯ ಮಹಾಯುದ್ಧದ ಕೊನೆಯವರೆಗೆ ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಮತ್ತೆ ಮತ್ತೆ ಕೈಬದಲಾದ ಆಲ್ಸೇಸ್ ಪ್ರಾಂತ್ಯದ ಈ ನಗರದಲ್ಲಿ, ಹಳೆಯ ಬೀದಿಗಳ ಫಲಕಗಳು ಫ್ರೆಂಚ್‌ನ ಜೊತೆಗೆ ಜರ್ಮನ್‌ಗೆ ತೀರ ಹತ್ತಿರದ ಆಲ್ಸೇಷಿಯನ್ ನುಡಿಯಲ್ಲಿಯೂ ಇವೆ. ಅವನ್ನು ಓದಿ ಬಿಡಿಸುವುದೇ ಒಂದು ಪಾಠ. (ಕಾಫಿಗೆ ಮಾತ್ರ ಫ್ರೆಂಚ್‌ನಲ್ಲಿಯೇ ಕೇಳುವುದು ಸೌಜನ್ಯ.) 1874ರವರೆಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿದ್ದ, 142 ಮೀಟರ್ ಎತ್ತರದ ಕೆಥೆಡ್ರಲನ್ನು ಬೆಳಿಗ್ಗೆಯೇ ನೋಡಲು ಹೇಳಿ.