ಸ್ಕ್ಯಾನ್ ನಾರ್ಮಲ್ ಬಂದಿದೆ, ಆದ್ರೂ ತಿಂಗಳಿಗೆ ಮೂರ್ನಾಲ್ಕು ಸಲ ಅರ್ಧ ತಲೆ ಸಿಡಿಯುತ್ತದೆ, ವಾಂತಿಯೂ ಆಗುತ್ತದೆ. ಇದು ಮೈಗ್ರೇನಾ?

ಇರಬಹುದು. ಮೈಗ್ರೇನ್ ಸ್ಕ್ಯಾನ್‌ನಲ್ಲಿ ಕಾಣುವ ಕಾಯಿಲೆ ಅಲ್ಲ. ಬೇರೇನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ ಸ್ಕ್ಯಾನ್ ಅಷ್ಟೇ. ನಾನು ಡಾಕ್ಟರಲ್ಲ, ಕಾಸರಗೋಡಿನ ಬದಿಯಡ್ಕ ಕಡೆಯವಳು. ಕಾಲೇಜಿಗೆ ಹೋಗುವಾಗಲೇ ಶುರುವಾದ ನೋವು ಇದು.

ಮಂಗಳೂರಿನಲ್ಲಿ ನನ್ನನ್ನು ನೋಡಿದ ನರರೋಗ ತಜ್ಞರು ಫಿಲ್ಮನ್ನು ಒಮ್ಮೆ ಬೆಳಕಿಗೆ ಹಿಡಿದು ಬದಿಗಿಟ್ಟರು. ಆಮೇಲೆ ಬರೀ ಪ್ರಶ್ನೆ. ನೋವು ಮಿಡಿಯುತ್ತದಾ, ಒತ್ತಿದ ಹಾಗಾ? ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದಾ? ಬೆಳಕು, ಸದ್ದು ತಡೆಯಲಿಕ್ಕೆ ಆಗುವುದಿಲ್ವಾ? ಮದ್ದು ತಗೊಳ್ಳದಿದ್ದರೆ 4ರಿಂದ 72 ಗಂಟೆ ಇರುವ ಇಂಥ ನೋವು ಕನಿಷ್ಠ 5 ಸಲ ಬಂದಿದೆಯಾ ಅಂತ ನೋಡುತ್ತಾರೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಗೆರೆಗಳು ಹೊಳೆಯುತ್ತವೆ, ಅದು ಔರಾ. ಹೆಚ್ಚಿನವರಿಗೆ ಇರುವುದಿಲ್ಲ, ನನಗೂ ಇಲ್ಲ.

ನಮ್ಮ ಊರಲ್ಲಿ ಇದಕ್ಕೆ ಸುಲಭದ ಉತ್ತರ ಪಿತ್ತ. ವಾಂತಿಯಾದ ಮೇಲೆ ತಲೆ ಹಗುರಾಗುತ್ತದೆ, ಹಾಗಾಗಿ ನಂಬುವುದೂ ಸಹಜ. ಆದರೆ ಗಲಾಟೆ ಇರುವುದು ತಲೆಯಲ್ಲಿ. ಮುಖ, ತಲೆಯ ನೋವನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರ ಕೆರಳಿ, ಸಿಜಿಆರ್‌ಪಿ ಎಂಬ ರಾಸಾಯನಿಕ ಹೊರಬರುತ್ತದೆ. ಹೊಟ್ಟೆ ತೊಳಸುವುದು ಅದರ ಜೊತೆಗೆ ಬರುವಂಥದ್ದು. ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಜಾಸ್ತಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನನಗೆ ಕೆರಳಿಸುವುದು ಸಂಕಷ್ಟಿ ಉಪವಾಸ, ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ನಿದ್ದೆಗೆಡುವುದು, ಬೇಸಿಗೆಯಲ್ಲಿ ಅಡಿಕೆ ಹರವಿದ ಅಂಗಳದ ಬಿಸಿಲು, ಮುಟ್ಟಿನ ಮುಂಚಿನ ದಿನಗಳು. ಯಾವುದಾದರೂ ಒಂದೇ ಆದರೆ ಹೇಗೋ ಸುಧಾರಿಸಬಹುದು. ಎರಡು ಸೇರಿದರೆ ಮರುದಿನ ಕತ್ತಲೆ ಕೋಣೆಯೇ ಗತಿ. ಚಾಕೊಲೇಟ್ ತಿಂದದ್ದಕ್ಕೇ ಬಂತು ಅಂತ ಸುಮ್ನೆ ತೀರ್ಮಾನಿಸಬೇಡಿ. ಸಿಹಿ ತಿನ್ನುವ ಆಸೆ, ಮೇಲಿಂದ ಮೇಲೆ ಆಕಳಿಕೆ, ಕುತ್ತಿಗೆ ಬಿಗಿತ, ಇವು ಮೈಗ್ರೇನ್ ಆಗಲೇ ಶುರುವಾದದ್ದರ ಲಕ್ಷಣವೂ ಆಗಿರಬಹುದು.

ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನ ಗುರುತು ಹಾಕಿ, ಮಾತ್ರೆ ನುಂಗಿದ ದಿನವನ್ನೂ ಹಾಕಿ. ಪ್ಯಾರಾಸಿಟಮಾಲ್‌ನಂಥ ಮಾತ್ರೆ ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೂರು ತಿಂಗಳಿಗೂ ಮೀರಿ ನಡೆದರೆ ಮಾತ್ರೆಯಿಂದಲೇ ತಲೆನೋವು ಬರಬಹುದು. ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್ ಮಾತ್ರೆಯಾದರೆ ತಿಂಗಳಿಗೆ 10 ದಿನ ತಗೊಂಡರೂ ಹಾಗಾಗಬಹುದು. ಆ ಹಾಳೆ ಡಾಕ್ಟರಿಗೆ ತೋರಿಸಿ.

ಇನ್ನೊಂದು. ಕ್ಷಣಮಾತ್ರದಲ್ಲಿ ವಿಪರೀತಕ್ಕೆ ಏರಿದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೆ ಕ್ಯಾಲೆಂಡರ್ ಹಾಗಿರಲಿ, ಆಗಿಂದಾಗಲೇ ಆಸ್ಪತ್ರೆಗೆ ಹೋಗಿ. 50 ದಾಟಿದ ಮೇಲೆ ಮೊದಲ ಸಲ ಇಂಥ ತಲೆನೋವು ಬಂದರೂ ತಡಮಾಡದೆ ತೋರಿಸಬೇಕು.