ಅವರು ಯಾಕೆ ನಗುತ್ತಾರೆ ಎಂದು ಕೇಳಿದ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಬಾಡಿಗೆ ಮನೆಯ ಕರಾರು, ಜಿ.ಪಿ. ಅಂದರೆ ಬಡಾವಣೆಯ ವೈದ್ಯರ ಬಳಿ ನೋಂದಣಿ, ಸೋನಾ ಮಸೂರಿ ಸಿಗುವ ಅಂಗಡಿ, ಇವನ್ನೆಲ್ಲ ಫೋನಿನಲ್ಲೇ ಹೇಳುತ್ತೇನೆ. ಕೊನೆಯಲ್ಲಿ ಬರೆದಿದ್ದೀಯಲ್ಲ, "ಅಕ್ಕ, ಇಂಗ್ಲೆಂಡಿನ ಈ ರೆಡಿಂಗಿಗೆ ಬಂದು ಹತ್ತು ತಿಂಗಳಾಯಿತು, ಇವರಾಡುವ ಒಂದೊಂದು ಪದವೂ ತಿಳಿಯುತ್ತದೆ, ಯಾಕೆ ನಗುತ್ತಾರೆ ಎನ್ನುವುದೇ ತಿಳಿಯುವುದಿಲ್ಲ" ಎಂದು, ಆ ಮಾತು ಮಾತ್ರ ನನ್ನನ್ನು ಹಿಡಿದು ಕೂರಿಸಿತು. ನಿನ್ನ ಯೋಜನೆಯನ್ನು ನೋಡಿ ಮ್ಯಾನೇಜರ್ "ವೆರಿ ಬ್ರೇವ್" ಎಂದರು, ನೀನು ಸಂತೋಷದಿಂದ ಥ್ಯಾಂಕ್ಸ್ ಹೇಳಿದೆ, ಮೇಜಿನ ಸುತ್ತ ಇದ್ದವರೆಲ್ಲ ತಂತಮ್ಮ ಚಹಾದ ಕಪ್ಪನ್ನು ನೋಡುತ್ತ ಕೂತರು. ಸಹೋದ್ಯೋಗಿಯ ತಂದೆಯ ಅಂತ್ಯಕ್ರಿಯೆಗೆ ಹೋದರೆ ಅಲ್ಲೂ ಜನ ನಕ್ಕರು. ಇವರಿಗೆ ಮನಸ್ಸೇ ಇಲ್ಲವೇ ಎಂದು ಕೇಳಿದ್ದೀಯೆ.

ಇದೆ. ಆದರೆ ಅದನ್ನು ಅವರು ಇಡುವ ಜಾಗ ಬೇರೆ. ನನಗೂ ಅದು ತಿಳಿಯಲು ವರ್ಷಗಳು ಹಿಡಿದವು. 1998ರಲ್ಲಿ ನನ್ನ ಮೊದಲ ಕೆಲಸದಲ್ಲಿ ಮೇಲಧಿಕಾರಿಯೊಬ್ಬರು ನಾನು ಬರೆದ ವರದಿಯನ್ನು "ಇಂಟರೆಸ್ಟಿಂಗ್" ಎಂದರು. ಆ ರಾತ್ರಿ ಮನೆಯಲ್ಲಿ ಪಾಯಸ ಮಾಡಿದ್ದೆ. ವಾರ ಕಳೆಯುವಷ್ಟರಲ್ಲಿ ಅದೇ ಕೆಲಸ ಬೇರೊಬ್ಬರ ಮೇಜಿಗೆ ಹೋಗಿತ್ತು. ಅಳುತ್ತಿದ್ದ ನನ್ನನ್ನು ನೋಡಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಪಕ್ಕದ ಮೇಜಿನ ಹೆಂಗಸು ಮರುದಿನ ಒಂದು ಕ್ಯಾಸೆಟ್ ತಂದುಕೊಟ್ಟರು. ಪೀಟರ್ ಕುಕ್ ಎಂಬ ಹಾಸ್ಯನಟ ನ್ಯಾಯಾಧೀಶನಾಗಿ ಮಾಡುವ ಒಂದು ಭಾಷಣ ಅದರಲ್ಲಿತ್ತು. "ಇದು ಹಿಡಿತಕ್ಕೆ ಬರುವವರೆಗೂ ಕೇಳು" ಎಂದರು.

ಒಲೆಯ ಮೇಲೆ ಬೇಳೆ ಬೇಯುತ್ತಿದ್ದಾಗ ಮೊದಲ ಸಲ ಹಾಕಿದೆ. ಗಂಭೀರವಾದ, ಸ್ವಲ್ಪ ಮೂಗಿನಲ್ಲಿ ಹೊರಡುವ ಮುದುಕನ ದನಿ. ಒಂದು ಕ್ಷಣವೂ ಏರುವುದಿಲ್ಲ, ಇಳಿಯುವುದಿಲ್ಲ. ಸಭಿಕರು ಮಾತ್ರ ನಕ್ಕು ನಕ್ಕು ಉಸಿರು ಕಟ್ಟಿಕೊಳ್ಳುತ್ತಿದ್ದಾರೆ. ನನಗೆ ಏನೂ ತಿಳಿಯಲಿಲ್ಲ, ಏಕೆಂದರೆ ಹಿಂದಿನ ಕಥೆ ನನಗೆ ಗೊತ್ತಿರಲಿಲ್ಲ. 1979ರಲ್ಲಿ ಲಿಬರಲ್ ಪಕ್ಷದ ಮಾಜಿ ನಾಯಕ ಜೆರೆಮಿ ಥಾರ್ಪ್ ಮೇಲೆ ಕೊಲೆಯ ಸಂಚಿನ ಮೊಕದ್ದಮೆ ನಡೆಯಿತು. ತೀರ್ಪು ಹೇಳಬೇಕಾದ ಸಾಮಾನ್ಯ ನಾಗರಿಕರ ಮಂಡಳಿಗೆ, ಅಂದರೆ ಜ್ಯೂರಿಗೆ, ಸಾರಾಂಶ ಹೇಳುವಾಗ ನ್ಯಾಯಾಧೀಶರು ದೊಡ್ಡ ಮನುಷ್ಯನನ್ನು ಮೃದುವಾಗಿ ಕಂಡು, ಆತನ ವಿರುದ್ಧ ಸಾಕ್ಷಿ ಹೇಳಿದವರನ್ನು ಹೀಗಳೆದರು. ಥಾರ್ಪ್ ನಿರ್ದೋಷಿ ಎಂದು ತೀರ್ಪಾಯಿತು. ಕೆಲವೇ ದಿನಗಳಲ್ಲಿ, ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಗಾಗಿ ಹಣ ಕೂಡಿಸುವ ಪ್ರದರ್ಶನವೊಂದರಲ್ಲಿ ಕುಕ್ ವೇದಿಕೆಗೆ ಬಂದು ಅದೇ ಧಾಟಿಯಲ್ಲಿ ಜ್ಯೂರಿಯನ್ನು ಉದ್ದೇಶಿಸಿ ಮಾತನಾಡಿದ. ಸಾಕ್ಷಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೆಸರಿಗೆ ಎಳೆದು, "ಅದೆಲ್ಲ ಸಂಪೂರ್ಣವಾಗಿ ನಿಮಗೆ ಬಿಟ್ಟ ವಿಷಯ" ಎನ್ನುತ್ತಾನೆ. ಕೊನೆಗೆ, ಒಳಗೆ ಹೋಗಿ ನಿಮ್ಮ ನಿರ್ದೋಷಿ ಎಂಬ ತೀರ್ಪನ್ನು ಎಚ್ಚರಿಕೆಯಿಂದ ಪರಿಶೀಲಿಸಿ ಎಂದು ಕಳುಹಿಸುತ್ತಾನೆ.

ಕಥೆ ತಿಳಿದ ಮೇಲೆ ಮತ್ತೆ ಕೇಳಿದೆ. ಆಗ ನಗು ಬರಲಿಲ್ಲ, ಮೈ ಜುಮ್ಮೆಂದಿತು. ಮೂರನೆಯ ಸಲ ನಕ್ಕೆ.

ನಮ್ಮಲ್ಲಿ ವಿಡಂಬನೆ ಎಂದರೆ ಮಾಸ್ಟರ್ ಹಿರಣ್ಣಯ್ಯನವರು. 'ಲಂಚಾವತಾರ'ದ ಮಧ್ಯೆ ಅಂದಿನ ಸುದ್ದಿಯನ್ನು ಎಳೆದು ತಂದು, ಅಧಿಕಾರಸ್ಥರನ್ನು ಬೆಂಕಿಯಂತೆ ಬೈಯುತ್ತಿದ್ದರು. ಯಾರನ್ನು ಯಾಕೆ ಬೈಯುತ್ತಿದ್ದಾರೆ ಎಂಬ ಅನುಮಾನವೇ ಯಾರಿಗೂ ಇರುತ್ತಿರಲಿಲ್ಲ. ಇಲ್ಲಿ ಬೈಗುಳ ಹೊಗಳಿಕೆಯ ಅಂಗಿ ತೊಟ್ಟು ಬರುತ್ತದೆ. ಮುಖ ನೋಡಿದರೆ ತಿಳಿಯುವುದಿಲ್ಲ, ದನಿ ಕೇಳಿದರೆ ತಿಳಿಯುವುದಿಲ್ಲ. ಹೇಳದೆ ಬಿಟ್ಟದ್ದು ಯಾವುದು ಎಂದು ಹುಡುಕಬೇಕು. ನಿನ್ನ ಮ್ಯಾನೇಜರ್ "ಬ್ರೇವ್" ಎಂದಾಗ ಬಿಟ್ಟದ್ದು ಒಂದೇ ಮಾತು: "ಇದು ಕೈಕೊಡಬಹುದು."

ಕುಕ್‌ನ ಬದುಕನ್ನು ನಿನಗೆ ಹೇಳಲು ಇನ್ನೊಂದು ಕಾರಣವಿದೆ. ಆತ ಹೊರಗಿನಿಂದ ಕಲ್ಲು ಎಸೆದವನಲ್ಲ. 1937ರಲ್ಲಿ ಡೆವನ್‌ನ ಟಾರ್ಕಿಯಲ್ಲಿ ಹುಟ್ಟಿದ. ತಂದೆ ನೈಜೀರಿಯಾದಲ್ಲಿ ವಸಾಹತು ಸರ್ಕಾರದ ಅಧಿಕಾರಿ. ರ‍್ಯಾಡ್ಲಿ ಎಂಬ ವಸತಿ ಶಾಲೆ, ಆಮೇಲೆ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನಲ್ಲಿ ಫ್ರೆಂಚ್ ಮತ್ತು ಜರ್ಮನ್. ತಂದೆಯಂತೆ ಆತನೂ ಸರ್ಕಾರಿ ಸೇವೆಗೆ, ವಿದೇಶಾಂಗ ಇಲಾಖೆಗೆ ಹೋಗಬೇಕೆಂಬ ಲೆಕ್ಕಾಚಾರವಿತ್ತು. ನಮ್ಮಂಥ ದೇಶಗಳನ್ನು ಆಳಲು ತಯಾರಾಗಬೇಕಿದ್ದ ಹುಡುಗ, ಆಳುವವರ ದನಿಯನ್ನೇ ಕದ್ದು ರಂಗಕ್ಕೆ ತಂದ. ಒಳಗಿನವನಿಗೇ ಗೊತ್ತಿರುವ ಸೂಕ್ಷ್ಮಗಳು ಅದರಲ್ಲಿವೆ. ಅದಕ್ಕೇ ಅದು ಅಷ್ಟು ಆಳಕ್ಕೆ ನಾಟುತ್ತದೆ.

1960ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಡಡ್ಲಿ ಮೂರ್, ಅಲನ್ ಬೆನೆಟ್, ಜೊನಾಥನ್ ಮಿಲ್ಲರ್ ಜೊತೆ ಸೇರಿ 'ಬಿಯಾಂಡ್ ದ ಫ್ರಿಂಜ್' ಆಡಿದ. ಮರುವರ್ಷ ಅದು ಲಂಡನ್ನಿಗೆ ಬಂತು. ಅದರಲ್ಲಿ ಆತ ಅಂದಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ನರ ಅಣಕ ಮಾಡುತ್ತಿದ್ದ. ಅಧಿಕಾರದಲ್ಲಿರುವ ಪ್ರಧಾನಿಯನ್ನು ಹಾಗೆ ರಂಗದ ಮೇಲೆ ತರುವುದು ಆಗ ಕೇಳರಿಯದ ಸಂಗತಿ. ಒಂದು ಸಂಜೆ ಮ್ಯಾಕ್‌ಮಿಲನ್ ಸ್ವತಃ ನೋಡಲು ಬಂದರು. ಕುಕ್ ಬರೆದುಕೊಂಡಿದ್ದ ಮಾತನ್ನು ಬಿಟ್ಟು, ಪ್ರಧಾನಿಯ ದನಿಯಲ್ಲೇ, ಬಿಡುವಾದ ಸಂಜೆ ನಾಟಕಶಾಲೆಗೆ ಹೋಗಿ ಎಳೆಯ ವಿಡಂಬನಕಾರರ ಮಾತು ಕೇಳುತ್ತ, ಈ ಮುದಿ ಮುಖದ ತುಂಬ ಪೆದ್ದು ನಗು ಹರಡಿಕೊಂಡು ಕೂರುವುದೆಂದರೆ ನನಗೆ ಬಲು ಇಷ್ಟ ಎಂದುಬಿಟ್ಟ. ಆತನಿಗಾಗ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು.

ಆ ಕಾಲದಲ್ಲಿ ಇಲ್ಲಿ ಯಾವ ಹೊಸ ನಾಟಕವನ್ನಾದರೂ ಸಾರ್ವಜನಿಕವಾಗಿ ಆಡಬೇಕಾದರೆ ಅರಮನೆಯ ಅಧಿಕಾರಿ ಲಾರ್ಡ್ ಚೇಂಬರ್ಲೇನ್ ಹಸ್ತಪ್ರತಿ ಓದಿ ಒಪ್ಪಿಗೆ ಕೊಡಬೇಕಿತ್ತು. ಆ ಕಾನೂನು ಹೋದದ್ದು 1968ರಲ್ಲಿ. ಕುಕ್ 1961ರಲ್ಲೇ ಸೋಹೋದ ಗ್ರೀಕ್ ಬೀದಿಯಲ್ಲಿ 'ದಿ ಎಸ್ಟಾಬ್ಲಿಷ್‌ಮೆಂಟ್' ಎಂಬ ಕ್ಲಬ್ ತೆರೆದ. ಸದಸ್ಯರ ಕ್ಲಬ್ ಆದ್ದರಿಂದ ಸೆನ್ಸಾರ್ ಕೈ ಅಲ್ಲಿಗೆ ಚಾಚಲಾಗುತ್ತಿರಲಿಲ್ಲ. ಹಿಟ್ಲರನ ಏಳಿಗೆಯನ್ನು ತಡೆಯಲು ಅಷ್ಟೆಲ್ಲ ಮಾಡಿದ ಬರ್ಲಿನ್ನಿನ ಕ್ಯಾಬರೆಗಳೇ, ಅಂದರೆ ಹಾಡು-ವಿಡಂಬನೆಯ ಕ್ಲಬ್ಬುಗಳೇ, ನಮಗೆ ಮಾದರಿ ಎಂದು ಆತ ಹೇಳುತ್ತಿದ್ದ. ಇನ್ನೊಮ್ಮೆ ಓದು. ಆ ಕ್ಯಾಬರೆಗಳು ಹಿಟ್ಲರನನ್ನು ತಡೆಯಲೇ ಇಲ್ಲ. ತನ್ನ ಕಸುಬಿನ ಮಿತಿ ಆತನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಬಾಗಿಲು ತೆರೆದ. ಈ ಮಾತಿಗಾಗಿ ಆತನ ಮೇಲೆ ನನಗೆ ಬಹಳ ಗೌರವ.

ಕ್ಲಬ್ ಕೆಲವೇ ವರ್ಷ ನಡೆಯಿತು. ಆದರೆ 1962ರಲ್ಲಿ ಗೆಳೆಯನೊಬ್ಬನೊಂದಿಗೆ ಸೇರಿ ಕೊಂಡ 'ಪ್ರೈವೇಟ್ ಐ' ಎಂಬ ವಿಡಂಬನೆಯ ಪಾಕ್ಷಿಕ ಇಂದಿಗೂ ಬರುತ್ತಿದೆ. ಎಷ್ಟೇ ಮಾನನಷ್ಟ ಮೊಕದ್ದಮೆಗಳು ಬಂದರೂ ಕುಕ್ ಸಾಯುವವರೆಗೂ ಅದರ ಬೆನ್ನಿಗಿದ್ದ. ನೀನು ಅದನ್ನು ಕೊಂಡು ಓದು. ಮೊದಲ ಆರು ಸಂಚಿಕೆ ತಲೆಬುಡ ತಿಳಿಯುವುದಿಲ್ಲ, ಏಳನೆಯದರಿಂದ ದಿನಪತ್ರಿಕೆ ಓದುವ ನಿನ್ನ ಕಣ್ಣೇ ಬೇರೆಯಾಗುತ್ತದೆ.

ಆತನ ಇನ್ನೊಂದು ಪಾತ್ರ ನನಗೆ ಇನ್ನೂ ಹತ್ತಿರ. ಮಳೆಕೋಟು, ಹ್ಯಾಟು ಧರಿಸಿ ಪಾರ್ಕಿನ ಬೆಂಚಿನ ಮೇಲೆ ಕೂತ ಇ. ಎಲ್. ವಿಸ್ಟಿ. ಲ್ಯಾಟಿನ್ ಬಾರದೆ ಹೋದದ್ದರಿಂದ ತಾನು ನ್ಯಾಯಾಧೀಶನಾಗಲಿಲ್ಲ, ಗಣಿ ಕಾರ್ಮಿಕನಾದೆ ಎಂದು ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಾನೆ. ಗಣಿಯ ಪರೀಕ್ಷೆಯಲ್ಲಿ ಕೇಳುವುದು ಒಂದೇ ಪ್ರಶ್ನೆ, ನೀನು ಯಾರು ಎಂದು. ಈ ದನಿ ಕುಕ್‌ಗೆ ಸಿಕ್ಕಿದ್ದು ಶಾಲೆಯ ಊಟದ ಮನೆಯಲ್ಲಿ ಬಡಿಸುತ್ತಿದ್ದ ಒಬ್ಬ ಕೆಲಸಗಾರನಿಂದ. ಯಾವ ಶಾಲೆ, ಯಾವ ಉಚ್ಚಾರ ಎಂಬುದರ ಮೇಲೆ ಮನುಷ್ಯನನ್ನು ತೂಗುವ ಈ ದೇಶದ ರೋಗ ನೀನೂ ಈಗಾಗಲೇ ಕಂಡಿರುತ್ತೀಯೆ. ಅದು ಚರ್ಮದ ಬಣ್ಣ ನೋಡಿ ಹುಟ್ಟಿದ್ದಷ್ಟೇ ಅಲ್ಲ. ತಮ್ಮವರನ್ನೇ ಹಾಗೆ ತೂಗಿಕೊಂಡು ಬಂದಿದ್ದಾರೆ. ಇದು ತಿಳಿದಾಗ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

1965ರಿಂದ ಬಿಬಿಸಿಯಲ್ಲಿ ಡಡ್ಲಿ ಮೂರ್ ಜೊತೆ ಮಾಡಿದ ಕಾರ್ಯಕ್ರಮಗಳನ್ನೂ ಹುಡುಕಿ ನೋಡು. ಒಂದರಲ್ಲಿ ಇಬ್ಬರೂ ಟೋಪಿ ಹಾಕಿಕೊಂಡು ಚಿತ್ರಶಾಲೆಯಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಕುಕ್ ಬೇಕೆಂದೇ ಮಾತು ಬೆಳೆಸಿ ಮೂರ್‌ನನ್ನು ನಗಿಸಲು ನೋಡುತ್ತಾನೆ. ಮೂರ್ ಬಾಯಿ ತುಂಬ ತುತ್ತು ಇಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ತಡೆಯುತ್ತಾನೆ. ಎಷ್ಟೋ ಕಂತುಗಳು ಈಗ ಇಲ್ಲ. ಟೇಪುಗಳನ್ನು ಅಳಿಸುತ್ತಾರೆಂದು ತಿಳಿದು, ದುಡ್ಡು ಕೊಡುತ್ತೇನೆ, ಉಳಿಸಿ ಎಂದು ಕುಕ್ ಕೇಳಿಕೊಂಡರೂ ಅವರು ಒಪ್ಪಲಿಲ್ಲ.

ಆತ 1995ರ ಜನವರಿಯಲ್ಲಿ ತೀರಿಕೊಂಡ. ಕೇವಲ 57 ವರ್ಷ. ಕುಡಿತ ಒಳಗಿನಿಂದ ತಿಂದುಹಾಕಿತ್ತು. ನಿನ್ನನ್ನೂ ಶುಕ್ರವಾರ ಪಬ್ಬಿಗೆ ಕರೆಯುತ್ತಾರೆ, ಹೋಗು. ನಿಂಬೆ ಹಾಕಿದ ಸೋಡಾ ಹಿಡಿದು ನಿಂತರೂ ಯಾರೂ ಏನೂ ಅನ್ನುವುದಿಲ್ಲ. ಆತ ಪ್ರತಿಭೆಯನ್ನು ಹಾಳುಮಾಡಿಕೊಂಡ ಎಂದು ಬಹಳ ಜನ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಆ ನ್ಯಾಯಾಧೀಶನ ಭಾಷಣ ಒಂದನ್ನೇ ಬಿಟ್ಟು ಹೋಗಿದ್ದರೂ ಸಾಕಿತ್ತು.

ಈಗ ಅಂತ್ಯಕ್ರಿಯೆಯ ನಗುವಿನ ಮಾತು. ಕುಕ್‌ನ ಸ್ಮರಣ ಸಭೆಯಲ್ಲಿ ಹಳೆಯ ಗೆಳೆಯ ಅಲನ್ ಬೆನೆಟ್, ಈತ ಬದುಕಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ ಪಶ್ಚಾತ್ತಾಪ ಒಂದೇ, ಈಜುಕೊಳದಲ್ಲಿ ಮುಳುಗುತ್ತಿದ್ದ ಡೇವಿಡ್ ಫ್ರಾಸ್ಟ್‌ನನ್ನು ಬದುಕಿಸಿದ್ದು ಎಂದರು. ಫ್ರಾಸ್ಟ್ ಇದೇ ಕಸುಬಿನಲ್ಲಿ ಟಿವಿಯಿಂದ ದೊಡ್ಡ ಹೆಸರು ಮಾಡಿದವರು. ಸಭೆಯಲ್ಲಿ ನಗು ಎದ್ದಿರಬೇಕು. ಗೆಳೆಯನ ದನಿಯನ್ನು ಕೊನೆಯ ಬಾರಿ ಕೇಳಿಸಿಕೊಳ್ಳಲು ಅವರಿಗಿದ್ದ ದಾರಿ ಅದು. ನಾವು ಗೋಳಾಡಿ ಹತ್ತಿರ ಕರೆಯುತ್ತೇವೆ, ಅವರು ನಕ್ಕು ಕರೆಯುತ್ತಾರೆ. ನಿನ್ನ ಸಹೋದ್ಯೋಗಿಗೆ ಒಂದು ಡಬ್ಬಿ ಚಿತ್ರಾನ್ನ ತೆಗೆದುಕೊಂಡು ಹೋಗಿ ಕೊಡು, ತಂದೆಯ ಬಗ್ಗೆ ಕೇಳು. ಆಗ ಕಣ್ಣೀರೂ ಕಾಣುತ್ತದೆ.

ಮ್ಯಾನೇಜರ್ ವಿಷಯ ನಾಳೆಗೆ ಬಿಡಬೇಡ. ಇವತ್ತೇ ಹೋಗಿ, "ಯೋಜನೆಯ ಯಾವ ಭಾಗ ನಿಮಗೆ ಆತಂಕ ತಂದಿತು?" ಎಂದು ನೇರವಾಗಿ ಕೇಳು. ಹಾಗೆ ಕೇಳಿದರೆ ಬಹುತೇಕ ಇಂಗ್ಲಿಷರು ಹಗುರಾಗಿ, ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಂಡು ಶನಿವಾರ ಹ್ಯಾರೋಗೆ, ನನ್ನ ಮನೆಗೆ ಬಾ. ಆ ಕ್ಯಾಸೆಟ್ ನನ್ನ ಹತ್ತಿರ ಇನ್ನೂ ಇದೆ, ಹಾಕುವ ಯಂತ್ರವೂ ಇದೆ.

ನಿನ್ನ ಅಕ್ಕ